ಬಾಂಬರ್ ದಳವನ್ನು ಕಟ್ಟಿದವರು ಯಾರು?

ಸೈನ್ಯದ ಚರಿತ್ರೆ ಬರೆಯುವವರಿಗೆ ಒಂದು ಹಳೆಯ ರೂಢಿ. ದಳಪತಿಗಳ ಹೆಸರು, ಪದಕಗಳ ಪಟ್ಟಿ, ಯುದ್ಧಗಳ ಇಸವಿ, ಇಷ್ಟಾದರೆ ಚರಿತ್ರೆ ಮುಗಿಯಿತು. ಆ ದಳದ ಯಂತ್ರಗಳನ್ನು ಕೆಲಸಕ್ಕೆ ತಂದವರು ಯಾರೆಂದು ಕೇಳುವುದೇ ಇಲ್ಲ. ಭಾರತೀಯ ವಾಯುದಳದ ಮೊದಲ ಭಾರಿ ಬಾಂಬರ್ ದಳವಾದ 5ನೇ ಸ್ಕ್ವಾಡ್ರನ್ನಿನ ಹುಟ್ಟನ್ನು ನೋಡಿದರೆ ಈ ರೂಢಿಯ ಅನ್ಯಾಯ ತಿಳಿಯುತ್ತದೆ.

ಎರಡನೆಯ ಮಹಾಯುದ್ಧ ಮುಗಿದಾಗ, ಅಮೆರಿಕ ಬ್ರಿಟನ್ನಿಗೆ ಕರಾರಿನ ಮೇಲೆ ಕೊಟ್ಟಿದ್ದ ಲಿಬರೇಟರ್ ವಿಮಾನಗಳು ಕಾನಪುರದಲ್ಲಿ ಉಳಿದವು. ಅವು ಮತ್ತೊಬ್ಬರ ಉಪಯೋಗಕ್ಕೆ ಬರಬಾರದೆಂದು, ಬಿಟ್ಟುಹೋಗುವವರು ಉಪಕರಣಗಳನ್ನು ಒಡೆದರು, ಇಂಜಿನ್ನುಗಳಿಗೆ ಮರಳು ಸುರಿದರು. ಇವು ಇನ್ನು ಹಾರಲಾರವೆಂದು ವಿದೇಶೀ ತಜ್ಞರು ತೀರ್ಪನ್ನೂ ಕೊಟ್ಟರು.

ಆ ತೀರ್ಪನ್ನು ಸುಳ್ಳು ಮಾಡಿದ್ದು ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆ. ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಹುಟ್ಟಿದ ಈ ಕಾರ್ಖಾನೆಯ ಕೆಲಸಗಾರರು ಒಂದು ವಿಮಾನದ ಭಾಗ ಕಳಚಿ ಇನ್ನೊಂದಕ್ಕೆ ಜೋಡಿಸಿ, ಬೆಂಗಳೂರು ಮುಟ್ಟುವಷ್ಟು ಮಟ್ಟಿಗೆ ಅವನ್ನು ಸಜ್ಜುಗೊಳಿಸಿದರು. ಕಾರ್ಖಾನೆಯ ಪರೀಕ್ಷಾ ವೈಮಾನಿಕ ಜಂಶೇದ್ ಮುನ್ಷಿ ಪ್ರಾಣವನ್ನು ಪಣಕ್ಕಿಟ್ಟು ಅವನ್ನು ಹಾರಿಸಿ ತಂದರು. ಬೆಂಗಳೂರಿನಲ್ಲಿ ಪೂರ್ಣ ದುರಸ್ತಿಯಾಯಿತು. ಹೀಗೆ ನಲವತ್ತರಷ್ಟು ವಿಮಾನಗಳು ಮರುಜನ್ಮ ಪಡೆದವು. 1948ರ ನವೆಂಬರ್ 2ರಂದು ಕಾನಪುರದಲ್ಲಿ 5ನೇ ಸ್ಕ್ವಾಡ್ರನ್ ನಿಂತದ್ದು ಈ ಗುಜರಿಯ ಬಲದ ಮೇಲೆ! 1968ರವರೆಗೂ ವಾಯುದಳ ಲಿಬರೇಟರುಗಳನ್ನು ಬಳಸಿತು. ಅವುಗಳಲ್ಲೊಂದು ಇಂದು ಬ್ರಿಟಿಷ್ ವಾಯುದಳದ ವಸ್ತುಸಂಗ್ರಹಾಲಯದಲ್ಲೇ ಪ್ರದರ್ಶನಕ್ಕಿದೆ.

ಮುನ್ಷಿಯವರ ಹೆಸರು ಉಳಿಯಿತು, ಉಳಿಯಲೇಬೇಕು. ಆದರೆ ರಿವೆಟ್ ಬಡಿದವರು, ಇಂಜಿನ್ನಿನ ಮರಳು ತೊಳೆದವರು ಯಾರು? ತುಂಗಭದ್ರೆಯ ದಂಡೆಯ ನಮ್ಮ ಕುಮಾರಪಟ್ಟಣದಲ್ಲಿ ಕಾರ್ಖಾನೆಯ ಪಾಳಿಯಲ್ಲಿ ದುಡಿಯುವವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಂತ್ರ ನಿಂತಾಗ ಫಿಟ್ಟರನನ್ನು ಕೂಗುತ್ತಾರೆ. ಅದು ಓಡಿದಾಗ ಹೊಗಳಿಕೆ ಕಛೇರಿಗೆ ಹೋಗುತ್ತದೆ.

ಬಾಂಬು ಸುರಿಯುವ ಯಂತ್ರವನ್ನು ಸಮಾಜವಾದಿಗಳು ಹೊಗಳುವುದೇ ಎಂದು ಕೆಲವರು ಕೇಳಬಹುದು. ನಾವು ಹೊಗಳುತ್ತಿರುವುದು ಬಾಂಬನ್ನಲ್ಲ. ಪರರು ಕೆಡಿಸಿ ಎಸೆದದ್ದನ್ನು ಎತ್ತಿ ನಿಲ್ಲಿಸಿದ ದುಡಿಮೆಯನ್ನು. ಆ ಕೈಗಳು ಮುಂದೆ ಏನನ್ನಾದರೂ ಕಟ್ಟಬಲ್ಲವು.

ಇದು ಬರೇ ಹಳೆಯ ಮಾತೂ ಅಲ್ಲ. ಆಕಾಶದಲ್ಲೇ ಇತರ ವಿಮಾನಗಳಿಗೆ ಇಂಧನ ತುಂಬಿಸಲೆಂದು 2003ರಲ್ಲಿ ಆಗ್ರಾದಲ್ಲಿ 78ನೇ ಸ್ಕ್ವಾಡ್ರನ್ ಸ್ಥಾಪನೆಯಾಯಿತು. ಆರು ಇಲ್ಯೂಷಿನ್-78 ವಿಮಾನಗಳನ್ನು ಉಜ್ಬೆಕಿಸ್ತಾನದಿಂದ ಕೊಂಡರು. ಆದರೆ 2010ರಿಂದ 2016ರವರೆಗೆ ಅವು ಕೆಲಸಕ್ಕೆ ಸಿದ್ಧವಿದ್ದ ಪ್ರಮಾಣ ಸರಾಸರಿ ಶೇಕಡಾ 49 ಮಾತ್ರವೆಂದು ಮಹಾಲೇಖಪಾಲರ 2017ರ ವರದಿ ಹೇಳಿತು. ಗುಜರಿಯಿಂದ ದಳ ಕಟ್ಟಿದ ದೇಶದಲ್ಲಿ, ಹಣ ಕೊಟ್ಟು ತಂದ ವಿಮಾನಗಳು ಅರ್ಧಕ್ಕರ್ಧ ಕಾಲ ನೆಲ ಹಿಡಿದಿದ್ದವು. ಕೊಳ್ಳುವುದಕ್ಕೆ ದುಡ್ಡು ಸಾಕು. ಹಾರುವ ಸ್ಥಿತಿಯಲ್ಲಿ ಇಡುವುದಕ್ಕೆ ಪಳಗಿದ ಕೈ ಬೇಕು, ಬಿಡಿಭಾಗ ಬೇಕು, ದುರಸ್ತಿಶಾಲೆ ಬೇಕು.

ಆದ್ದರಿಂದ ನಮ್ಮ ಬೇಡಿಕೆ ಎರಡು. ದಳದ ಚರಿತ್ರೆಯಲ್ಲಿ ದುರಸ್ತಿಶಾಲೆಯ ಕೆಲಸಗಾರರ ಹೆಸರೂ ಸೇರಲಿ. ಹೊಸ ವಿಮಾನಕ್ಕೆ ಸಹಿ ಹಾಕುವ ಮುನ್ನ, ಅದನ್ನು ಇಲ್ಲೇ ದುರಸ್ತಿ ಮಾಡುವವರಿಗೆ ತರಬೇತಿಯೂ ಖಾಯಂ ಕೆಲಸವೂ ಗೊತ್ತಾಗಲಿ. ಮೊದಲನೆಯದು ಸಲ್ಲಬೇಕಾದ ಋಣ. ಎರಡನೆಯದು ಸಾಮಾನ್ಯ ವಿವೇಕ.