ಮೈದಾನವೂ ನಮ್ಮದೇ



ಸಂಜೆ ಐದಕ್ಕೆ ಯಾವುದಾದರೂ ಹಾಸ್ಟೆಲ್ಲಿಗೆ ಹೋಗಿ ನೋಡಿ. ಹಳ್ಳಿಯಿಂದ ಮೊದಲ ವರ್ಷಕ್ಕೆ ಬಂದ ಒಬ್ಬ ಹುಡುಗ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾನೆ. ಕ್ಲಾಸಿನ ಇಂಗ್ಲಿಷ್ ತಲೆಗೆ ಹತ್ತಿಲ್ಲ, ಸ್ಕಾಲರ್‌ಶಿಪ್ ಬಂದಿಲ್ಲ, 'ನೀನು ಯಾವ ಪೈಕಿ' ಅಂತ ಪಕ್ಕದವನು ಕೇಳಿದ್ದು ಕಿವಿಯಲ್ಲೇ ಕೂತಿದೆ. ಊರಲ್ಲಿ ಕಬಡ್ಡಿಗೆ ಇಳಿದರೆ ಮೂರು ಜನರನ್ನು ಎಳೆದುಕೊಂಡು ನಡುಗೆರೆ ಮುಟ್ಟುತ್ತಿದ್ದವನು ಇವನೇ. ಈಗ ಊಟಕ್ಕೂ ಏಳೋದಿಲ್ಲ. ಯಾಕೋ ಅಂದರೆ "ಓದಬೇಕಣ್ಣ" ಅನ್ನುತ್ತಾನೆ. ಪುಸ್ತಕ ಮೂರು ದಿನದಿಂದ ಅದೇ ಪುಟದಲ್ಲಿದೆ.

ಇದರಲ್ಲಿ ನಮ್ಮ ತಪ್ಪೂ ಇದೆ. 'ಆಟಗೀಟ ಹೊಟ್ಟೆ ತುಂಬಿದವರಿಗೆ, ನೀವು ಓದ್ರಿ' ಅಂತ ಸಭೆಗಳಲ್ಲಿ ಹೇಳಿದವರು ನಾವೇ. ಓದಲೇಬೇಕು, ಎರಡು ಮಾತಿಲ್ಲ. ಆದರೆ ಓಡಿ ಬೆವರಿದವನಿಗೆ ನಿದ್ದೆ ಬರುತ್ತೆ, ನಿದ್ದೆ ಬಂದವನಿಗೆ ಪಾಠ ನೆನಪಿರುತ್ತೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮೈ ಬೆಚ್ಚಗಾಗುವಷ್ಟು ಚಟುವಟಿಕೆ ಬೇಕು, ಅದು ಖಿನ್ನತೆ, ಆತಂಕಗಳನ್ನೂ ತಗ್ಗಿಸುತ್ತೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಹಾಗಾದರೆ ದಿನವೆಲ್ಲ ಗದ್ದೆಯಲ್ಲಿ ಬಗ್ಗಿದ ನಮ್ಮ ಅಪ್ಪ ಅವ್ವನಿಗೆ ನೆಮ್ಮದಿ ಎಲ್ಲಿತ್ತು ಅಂತ ಕೇಳಬಹುದು. ಸರಿಯಾದ ಪ್ರಶ್ನೆ. ಅದು ಇನ್ನೊಬ್ಬರ ಹೊಲಕ್ಕೆ ಸುರಿದ ಬೆವರು. ಆಟದ ಬೆವರು ನಮ್ಮ ಖುಷಿಯದು, ಜೊತೆಗಾರರ ನಡುವಿನದು. 'ಪಾಸ್ ಕೊಡೋ' ಅಂತ ಹೆಸರು ಹಿಡಿದು ಕೂಗುವವನೊಬ್ಬ ಇದ್ದರೆ ಅರ್ಧ ಒಂಟಿತನ ಅಲ್ಲೇ ಹೋಯ್ತು.

ಹಾಗಂತ ಮೈದಾನದಲ್ಲಿ ಜಾತಿ ಇಲ್ಲ ಅಂತ ನಾವು ಬೊಗಳೆ ಬಿಡೋದಿಲ್ಲ. ಧಾರವಾಡದಲ್ಲಿ ಹುಟ್ಟಿದ, ಚಮ್ಮಾರರ ಮನೆಯ ಪಲ್ವಂಕರ್ ಬಾಲೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಅದಕ್ಕೆ ಮೊದಲು ಪುಣೆಯಲ್ಲಿ ಅವರ ಬೌಲಿಂಗ್ ಎಲ್ಲರಿಗೂ ಬೇಕಿತ್ತು, ಚಹಾ ಮಾತ್ರ ಪೆವಿಲಿಯನ್ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ತಮ್ಮ ವಿಠ್ಠಲನಿಗೆ ಸಿಕ್ಕಿದ್ದು 1923ರಲ್ಲಿ. ಹಳೇ ಕತೆ ಅನ್ನಬೇಡಿ. 2021ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮಹಿಳಾ ಹಾಕಿ ತಂಡ ಸೆಮಿಫೈನಲ್ ಸೋತಾಗ, ವಂದನಾ ಕಟಾರಿಯಾ ಅವರ ಮನೆ ಮುಂದೆ ಪಟಾಕಿ ಹೊಡೆದು ಜಾತಿ ಹಿಡಿದು ಬೈದರು ಅಂತ ಮನೆಯವರು ಪೊಲೀಸರಿಗೆ ದೂರು ಕೊಟ್ಟರು. ಎರಡು ದಿನ ಬಿಟ್ಟು ಆಕೆ ಬ್ರಿಟನ್ ಮೇಲೆ ಗೋಲು ಹೊಡೆದರು.

ಈಗ ನಿಮ್ಮ ಹಾಸ್ಟೆಲ್ ವಿಷಯ. ವಾಲಿಬಾಲ್ ನೆಟ್ಟು ಸ್ಟೋರ್ ರೂಮಿನಲ್ಲಿ ಇಲಿ ಪಾಲಾಗಿದ್ದರೆ ಬೀಗದ ಕೈ ಕೇಳಿ. ಕಾಲೇಜು ಕ್ರೀಡಾ ಶುಲ್ಕ ಅಂತ ವಸೂಲು ಮಾಡುತ್ತಲ್ಲ, ಆ ದುಡ್ಡು ಎಲ್ಲಿಗೆ ಹೋಯ್ತು ಅಂತ ಬರವಣಿಗೆಯಲ್ಲಿ ಕೇಳಿ. ಸಂಜೆಯಾಗುವ ಮೊದಲೇ ಗೇಟು ಹಾಕಿಸಿಕೊಳ್ಳುವ ಹುಡುಗಿಯರ ಹಾಸ್ಟೆಲ್ಲಿನ ಅಂಗಳದಲ್ಲಿ ಥ್ರೋಬಾಲಿಗಾದರೂ ಜಾಗ ಬೇಕು. ಇದನ್ನು ಹುಡುಗರೂ ಸಹಿ ಹಾಕಿ ಕೇಳಬೇಕು.

ಚೆಂಡೊಂದೇ ಎಲ್ಲಕ್ಕೂ ಮದ್ದಲ್ಲ. ಅವಮಾನ ಮಾಡಿದವನ ಮೇಲೆ ದೂರು ಕೊಡಲೇಬೇಕು. 'ಬದುಕಿ ಏನು ಮಾಡಲಿ' ಅನ್ನುವ ಮಾತು ಬಂದರೆ ನಗಬೇಡಿ, ಒಬ್ಬನನ್ನೇ ಬಿಡಬೇಡಿ. 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ.

ಉಳಿದಂತೆ, ನಾಳೆ ಸಂಜೆ ಆ ಹುಡುಗನ ರೂಮಿನ ಬಾಗಿಲು ತಟ್ಟಿ. ಬುದ್ಧಿವಾದ ಬೇಡ. "ಕಬಡ್ಡಿಗೆ ಆರೇ ಜನ ಇದೀವಿ, ಬಾರೋ" ಅನ್ನಿ.