ಕೈಗಾರಿಕೆ ಮತ್ತು ಸಾಮ್ರಾಜ್ಯದಾಹ

ಶ್ರೀರಂಗಪಟ್ಟಣದ ಕೋಟೆಯನ್ನು ನೋಡಲು ಹೋದವರು ಶತ್ರುಸೈನ್ಯ ಗೋಡೆಯೊಡೆದು ನುಗ್ಗಿದ ಸ್ಥಳವನ್ನೂ ಟಿಪ್ಪು ಸುಲ್ತಾನನ ಕಳೇಬರ ದೊರೆತ ಸ್ಥಳವನ್ನೂ ಕಂಡು, ಕ್ಷಣಕಾಲ ಮೌನವಾಗಿ ನಿಂತು ಹಿಂದಿರುಗುತ್ತಾರೆ. ೧೭೯೯ರ ಮೇ ೪ರಂದು ಆ ಕೋಟೆ ಹೇಗೆ ಬಿದ್ದಿತೆಂಬುದನ್ನು ನಾವೆಲ್ಲರೂ ಓದಿದ್ದೇವೆ. ಆದರೆ ಸಾವಿರಾರು ಮೈಲಿ ದೂರದ ದ್ವೀಪವೊಂದರ ಜನ ಕಡಲು ದಾಟಿ ಬಂದು, ಕಾವೇರಿಯ ನಡುವಣ ಈ ದ್ವೀಪವನ್ನು ಏಕೆ ಮುತ್ತಿದರು? ಈ ಪ್ರಶ್ನೆಯನ್ನು ಕೇಳುವವರು ವಿರಳ.

ರಾಜ್ಯ ರಾಜ್ಯವನ್ನು ಗೆಲ್ಲುವುದು ಹೊಸತೇನಲ್ಲವೆಂದು ಕೆಲವರು ಹೇಳಬಹುದು. ಆ ಮಾತು ನಿಜ. ಹೈದರ್ ಅಲಿ, ಟಿಪ್ಪು ಇಬ್ಬರೂ ಕೊಡಗು, ಮಲಬಾರುಗಳ ಮೇಲೆ ದಂಡೆತ್ತಿ ಹೋದವರೇ. ಅಲ್ಲಿನ ಜನ ಪಟ್ಟ ನೋವನ್ನು ನಾವು ಮರೆಯಲಾಗದು. ಆದರೂ ಹಿಂದಿನ ಅರಸರು ಗೆದ್ದ ನಾಡಿನಿಂದ ಸಾಮಾನ್ಯವಾಗಿ ಬಯಸುತ್ತಿದ್ದುದು ಕಪ್ಪಕಾಣಿಕೆ, ಕಂದಾಯಗಳನ್ನು. ರೈತ ಯಾವ ಬೆಳೆ ಬೆಳೆಯಬೇಕು, ನೇಕಾರನ ಬಟ್ಟೆಯನ್ನು ಯಾರು ಕೊಳ್ಳಬೇಕು ಎಂಬುದು ಅವರ ಚಿಂತೆಯಾಗಿರಲಿಲ್ಲ. ಕೈಗಾರಿಕಾ ಯುಗದ ಸಾಮ್ರಾಜ್ಯಕ್ಕೆ ಅದೇ ಮುಖ್ಯ ಚಿಂತೆಯಾಯಿತು.

ಇದಕ್ಕೆ ಕಾರಣವೇನು? ೧೭೬೯ರಲ್ಲಿ ಇಂಗ್ಲೆಂಡಿನ ಆರ್ಕ್‌ರೈಟ್ ನೀರಿನ ಬಲದಿಂದ ನೂಲು ತೆಗೆಯುವ ಯಂತ್ರಕ್ಕೂ, ಜೇಮ್ಸ್ ವಾಟ್ ಸುಧಾರಿತ ಉಗಿಯಂತ್ರಕ್ಕೂ ಹಕ್ಕುಪತ್ರ ಪಡೆದರು. ನೂರು ಕೈಗಳ ಕೆಲಸವನ್ನು ಒಂದು ಯಂತ್ರ ಮಾಡತೊಡಗಿತು. ಆದರೆ ಗಿರಣಿಗೆ ಬೇಕಾದ ಹತ್ತಿ ಇಂಗ್ಲೆಂಡಿನಲ್ಲಿ ಬೆಳೆಯುವುದಿಲ್ಲ. ನೇಯ್ದ ಬಟ್ಟೆಯನ್ನೆಲ್ಲ ಅಲ್ಲಿನ ಜನರೇ ಉಟ್ಟು ಮುಗಿಸುವುದೂ ಸಾಧ್ಯವಿಲ್ಲ. ಬಂದ ಲಾಭವನ್ನು ಮತ್ತೆ ತೊಡಗಿಸಲು ಹೊಸ ಹೊಸ ಸ್ಥಳಗಳು ಬೇಕು. ಕಚ್ಚಾವಸ್ತು, ಮಾರುಕಟ್ಟೆ, ಬಂಡವಾಳಕ್ಕೆ ನೆಲೆ ಎಂಬ ಈ ಮೂರು ಹಸಿವುಗಳು ಒಟ್ಟಾಗಿ ಆ ರಾಷ್ಟ್ರವನ್ನು ಕಡಲಾಚೆಗೆ ನೂಕಿದವು. ಇವುಗಳ ಜೊತೆಗೆ ಎದುರಾಳಿಗಳ ಭಯವೂ ಸೇರಿತ್ತು. ೧೭೯೮ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದಾಗ, ಫ್ರೆಂಚರು ಟಿಪ್ಪುವಿನೊಡನೆ ಕೈಗೂಡಿಸಿಯಾರೆಂದು ಇಂಗ್ಲಿಷರು ಅಂಜಿದರು. ಆದ್ದರಿಂದ ಶ್ರೀರಂಗಪಟ್ಟಣದ ಮುತ್ತಿಗೆಗೆ ಯಂತ್ರವೊಂದೇ ಕಾರಣವೆಂದರೆ ಅದು ಅರ್ಧಸತ್ಯವಾದೀತು. ಆದರೆ ಗೆದ್ದ ಮೇಲೆ ಗೆದ್ದವರು ಏನು ಮಾಡಿದರೆಂಬುದು ಅವರ ಮನಸ್ಸನ್ನು ಚೆನ್ನಾಗಿ ತೋರಿಸುತ್ತದೆ.

೧೭೯೨ರ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯವನ್ನೂ ೩ ಕೋಟಿ ೩೦ ಲಕ್ಷ ರೂಪಾಯಿಗಳನ್ನೂ ತೆರಬೇಕಾಯಿತು. ಆಗ ಕಂಪನಿ ತನ್ನ ಪಾಲಿಗೆ ಇರಿಸಿಕೊಂಡ ಪ್ರದೇಶಗಳಲ್ಲಿ ಕರಿಮೆಣಸಿನ ನಾಡಾದ ಮಲಬಾರು ಸೇರಿತ್ತು. ೧೭೯೯ರಲ್ಲಿ ಕನ್ನಡ ಕರಾವಳಿಯೂ ಅದರ ವಶವಾಯಿತು. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮೈಸೂರು ಸೀಮೆಯಲ್ಲಿ ಸಂಚರಿಸಿದ. ಊರೂರಿನ ಬೆಳೆ, ದನಕರು, ಮಗ್ಗ, ಸಂತೆಗಳ ವಿವರವನ್ನು ಬರೆದಿಟ್ಟ. ಅವನ ಗ್ರಂಥ ಇಂದಿಗೂ ನಮಗೆ ಅಮೂಲ್ಯವಾದ ಆಕರ. ಆದರೆ ಹತ್ತಿ, ಮೆಣಸು, ಗಂಧದ ಮರ, ಏಲಕ್ಕಿಗಳ ಬಗ್ಗೆ ವಿಶೇಷವಾಗಿ ವಿಚಾರಿಸಬೇಕೆಂದು ಅವನಿಗೆ ಹೇಳಿ ಕಳುಹಿಸಿದ್ದರೆಂಬುದನ್ನು ನೆನೆದರೆ, ಅದು ಮನೆ ಕೊಂಡವನು ಉಗ್ರಾಣದ ಲೆಕ್ಕ ತೆಗೆದಂತಿತ್ತು ಎನ್ನಬೇಕಾಗುತ್ತದೆ.

ಬಟ್ಟೆಯ ಕಥೆಯನ್ನು ನೋಡಿ. ತನ್ನ ನೇಕಾರರನ್ನು ಕಾಪಾಡಿಕೊಳ್ಳಲು ಇಂಗ್ಲೆಂಡು ೧೭೨೧ರಲ್ಲಿ ಅಚ್ಚಿನ ಹತ್ತಿ ಬಟ್ಟೆಯ ಬಳಕೆಯನ್ನೇ ಕಾನೂನಿನಿಂದ ತಡೆಯಿತು. ೧೮೧೩ರಲ್ಲಿ ಭಾರತದ ವ್ಯಾಪಾರದ ಮೇಲೆ ಕಂಪನಿಗಿದ್ದ ಏಕಸ್ವಾಮ್ಯ ರದ್ದಾದ ಮೇಲೆ ಲ್ಯಾಂಕಷೈರಿನ ಗಿರಣಿಬಟ್ಟೆ ನಮ್ಮ ಸಂತೆಗಳಿಗೆ ಹರಿದು ಬಂತು. ಅಲ್ಲಿ ನಮ್ಮ ಬಟ್ಟೆಗೆ ಭಾರಿ ಸುಂಕ. ಇಲ್ಲಿ ಅವರ ಬಟ್ಟೆಗೆ ಹೆಸರಿಗೆ ಮಾತ್ರ ಸುಂಕ. ಈ ತಕ್ಕಡಿಯನ್ನು ಹಿಡಿದ ಕೈ ಸರ್ಕಾರದ್ದಾಗಿತ್ತು. ವ್ಯಾಪಾರಿಗೆ ಸಾಮ್ರಾಜ್ಯ ಏಕೆ ಬೇಕೆಂಬುದಕ್ಕೆ ಇದೇ ಉತ್ತರ. ಮುಂದೆ ೧೮೮೦ರಲ್ಲಿ ಲಂಡನ್ನಿನ ಜಾನ್ ಟೇಲರ್ ಸಂಸ್ಥೆ ಕೋಲಾರದ ಚಿನ್ನದ ಗಣಿಗಳಿಗೆ ಬಂತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಆ ಗಣಿಗಳಿಗೆ. ಕಾವೇರಿ ನಮ್ಮದು, ಬೆವರು ನಮ್ಮದು. ಲಾಭದ ಬಹುಪಾಲು ಅವರದು.

ಹಾಗಾದರೆ ಕೈಗಾರಿಕೆಯಲ್ಲಿ ಬೆಳೆಯುವ ರಾಷ್ಟ್ರಕ್ಕೆ ಸಾಮ್ರಾಜ್ಯ ಅನಿವಾರ್ಯವೇ? ಅಲ್ಲವೆಂದೇ ನನ್ನ ಅಭಿಪ್ರಾಯ. ಸ್ವಿಟ್ಜರ್ಲೆಂಡು ಯಾವ ವಸಾಹತನ್ನೂ ಆಳದೆ ಕೈಗಾರಿಕೆಯಲ್ಲಿ ಮುಂದೆ ಬಂತು. ಜಪಾನು ೧೯೧೦ರಲ್ಲಿ ಕೊರಿಯಾವನ್ನು ಸೇರಿಸಿಕೊಂಡು, ೧೯೩೧ರಲ್ಲಿ ಮಂಚೂರಿಯಾವನ್ನು ಆಕ್ರಮಿಸಿತು; ಕಚ್ಚಾವಸ್ತುವಿಲ್ಲದ ನಾಡಿಗೆ ಬೇರೆ ದಾರಿಯಿಲ್ಲವೆಂದಿತು. ೧೯೪೫ರಲ್ಲಿ ಅದು ಗಳಿಸಿದ್ದ ಸಾಮ್ರಾಜ್ಯವೆಲ್ಲವೂ ಕೈಬಿಟ್ಟಿತು. ಆ ಬಳಿಕ ಅದೇ ಜಪಾನು ಬೇಕಾದುದನ್ನು ಬೆಲೆ ಕೊಟ್ಟು ಕೊಂಡು, ಮಾಡಿದುದನ್ನು ಮಾರಿ, ಹಿಂದೆಂದೂ ಕಾಣದ ಸಿರಿಯನ್ನು ಕಂಡಿತು. ಯಂತ್ರಕ್ಕೆ ಬೇಕಾದುದು ಹತ್ತಿ, ಕಬ್ಬಿಣ, ಗಿರಾಕಿ. ಇವನ್ನು ನ್ಯಾಯವಾದ ಬೆಲೆಗೆ ಪಡೆಯುವುದು ವ್ಯಾಪಾರ. ಖಡ್ಗ ತೋರಿಸಿ ಪಡೆಯುವುದು ಸಾಮ್ರಾಜ್ಯ. ಹಸಿವು ಯಂತ್ರದ್ದಾದರೂ ದುರಾಸೆ ಮನುಷ್ಯನದೇ.

ಈ ವಿಚಾರ ಕೇವಲ ಗತಕಾಲದ್ದೆಂದು ವಿದ್ಯಾರ್ಥಿಗಳು ಭಾವಿಸಬಾರದು. ಇಂದು ಭಾರತವೂ ಬೆಳೆಯುತ್ತಿರುವ ಕೈಗಾರಿಕಾ ರಾಷ್ಟ್ರ. ನಮ್ಮ ಕಾರ್ಖಾನೆಗಳಿಗೂ ಹೊರನಾಡಿನ ಖನಿಜ, ತೈಲಗಳು ಬೇಕು. ನಮ್ಮ ಸರಕಿಗೂ ಹೊರಗಿನ ಪೇಟೆ ಬೇಕು. ಬಲ ಹೆಚ್ಚಿದಂತೆ ತಕ್ಕಡಿಯನ್ನು ತನ್ನತ್ತ ಒತ್ತುವ ಆಸೆ ಯಾರಿಗಾದರೂ ಹುಟ್ಟುವುದು ಸಹಜ. ಆ ಗಳಿಗೆಯಲ್ಲಿ ನಾವು ಯಾರಂತೆ ನಡೆದುಕೊಳ್ಳುವೆವು? ಒಮ್ಮೆ ದೋಚಲ್ಪಟ್ಟವನಿಗೆ ದೋಚುವ ಹಕ್ಕು ಬರುವುದಿಲ್ಲ; ದೋಚದಿರುವ ಹೊಣೆ ಮಾತ್ರ ಹೆಚ್ಚುತ್ತದೆ.