ಕಚೇರಿ ಗೋಡೆಯ ಉತ್ಸವಮೂರ್ತಿಗಳು

ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳನ್ನು ಹೊಕ್ಕರೆ ರಿಸೆಪ್ಷನ್ ಮೇಜಿನ ಹಿಂದೆ ವ್ಯಾನ್ ಗೋನ ನಕ್ಷತ್ರಗಳ ರಾತ್ರಿ, ಮೀಟಿಂಗ್ ಕೋಣೆಯಲ್ಲಿ ಹೊಕುಸಾಯಿಯ ದೊಡ್ಡ ಅಲೆ, ಕ್ಯಾಂಟೀನಿನಲ್ಲಿ ಮೊನೆಯ ನೈದಿಲೆಕೊಳ ಕಣ್ಣಿಗೆ ಬೀಳುವುದು ಅಪರೂಪವೇನಲ್ಲ. ಚಿಕ್ಕಪೇಟೆಯ ಜವಳಿ ಅಂಗಡಿಗೆ ಹೋದರೆ ಗಲ್ಲಾಪೆಟ್ಟಿಗೆಯ ಮೇಲ್ಗಡೆ ರವಿವರ್ಮನ ಲಕ್ಷ್ಮಿ. ಎಲ್ಲವೂ ಪ್ರತಿಗಳು, ಮೂಲಚಿತ್ರ ಒಂದೂ ಅಲ್ಲ. ಕಲೆಯನ್ನು ಬಲ್ಲವರು ಇದನ್ನು ಕಂಡು ಮುಖ ಸಿಂಡರಿಸುವುದುಂಟು: ದುಡ್ಡಿರುವ ಸಂಸ್ಥೆಗಳು ಕಲಾವಿದರಿಂದ ಚಿತ್ರ ಕೊಳ್ಳದೆ ಅಚ್ಚಿನ ಹಾಳೆ ತೂಗುಹಾಕುವುದು ಕಲೆಗೆ ಮಾಡಿದ ಅವಮಾನ ಎಂಬುದು ಅವರ ಮಾತು. ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಒಪ್ಪಲು ನನ್ನ ಮನಸ್ಸು ಬರುವುದಿಲ್ಲ.

ಪ್ರತಿಯ ವಿರುದ್ಧ ಇರುವ ವಾದ ಹಳೆಯದು, ತೂಕದ್ದೂ ಹೌದು. ಜರ್ಮನಿಯ ಚಿಂತಕ ವಾಲ್ಟರ್ ಬೆನ್ಯಾಮಿನ್ 1936ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಪ್ರಬಂಧದಲ್ಲಿ, ಒಂದು ಕೃತಿ ಇಂಥ ಜಾಗದಲ್ಲಿ, ಇಂಥ ಕಾಲದಿಂದ ಇದೆ ಎಂಬುದರಿಂದ ಅದಕ್ಕೆ ಬರುವ ಸಾನ್ನಿಧ್ಯವು ಯಂತ್ರದ ಅಚ್ಚಿನಲ್ಲಿ ಉಳಿಯುವುದಿಲ್ಲ ಎಂದು ವಾದಿಸಿದ. ಆ ನಷ್ಟದ ಜೊತೆಗೇ ಜನಸಾಮಾನ್ಯರಿಗೆ ಬಾಗಿಲೊಂದು ತೆರೆಯುತ್ತದೆ ಎಂಬುದನ್ನೂ ಅವನು ಕಂಡಿದ್ದ. ಅವನ ಹೆಸರು ಹೇಳುವವರು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ನೆನೆಯುತ್ತಾರೆ.

ಸಾನ್ನಿಧ್ಯದ ಪ್ರಶ್ನೆಯನ್ನು ನಮ್ಮ ದೇವಾಲಯಗಳು ಎಂದೋ ಬಗೆಹರಿಸಿಕೊಂಡಿವೆ. ಮೂಲವಿಗ್ರಹ ಗರ್ಭಗುಡಿ ಬಿಟ್ಟು ಕದಲುವುದಿಲ್ಲ. ಬೀದಿಗೆ ಬರುವುದು ಉತ್ಸವಮೂರ್ತಿ. ಗುಡಿಯೊಳಕ್ಕೆ ಬರಲಾರದ ಮುದುಕರಿಗೆ, ಕಾಯಿಲೆಯವರಿಗೆ, ಒಂದು ಕಾಲದಲ್ಲಿ ಒಳಕ್ಕೆ ಬಿಡದೆ ಹೊರಗೇ ನಿಲ್ಲಿಸಿದ್ದವರಿಗೆ ದರ್ಶನವಾಗುತ್ತಿದ್ದುದು ಅದರಿಂದಲೇ. ಅದನ್ನು ನಕಲು ಎಂದು ಯಾರೂ ಹೀಗಳೆಯಲಿಲ್ಲ. ಆದರೆ ಅದು ಯಾವ ಊರಿನ, ಯಾವ ಗುಡಿಯ ಯಾವ ದೇವರು ಎಂಬುದು ಪಲ್ಲಕ್ಕಿ ಹೊತ್ತವನಿಗೂ ಗೊತ್ತು, ಆರತಿ ತಂದವಳಿಗೂ ಗೊತ್ತು. ಕಚೇರಿಯ ಗೋಡೆಯ ಮೇಲಿನ ಅಚ್ಚುಚಿತ್ರದ ವಿಷಯದಲ್ಲಿ ನಾನು ಕೇಳುವುದು ಇಷ್ಟನ್ನೇ. ಅದು ಪ್ರತಿಯಾಗಿರುವುದು ತಪ್ಪಲ್ಲ. ಯಾರದೆಂದು, ಎಲ್ಲಿಯದೆಂದು ತಿಳಿಯದಂತೆ ನಿಂತಿರುವುದು ತಪ್ಪು.

ಪ್ರತಿ ಮಾಡಿಸುವ ಕೆಲಸಕ್ಕೆ ನಮ್ಮಲ್ಲಿ ಮುಂದಾದವರಲ್ಲಿ ದೊಡ್ಡ ಹೆಸರು ಚಿತ್ರಕಾರನೊಬ್ಬನದೇ, ರವಿವರ್ಮನದು. ತಿರುವಾಂಕೂರು, ಬರೋಡಗಳಲ್ಲಿ ದಿವಾನರಾಗಿದ್ದ ಟಿ. ಮಾಧವರಾವ್, ನಿಮ್ಮ ಚಿತ್ರಗಳಿಗೆ ಅಷ್ಟು ಬೇಡಿಕೆಯಿದೆ, ಕೈಯಿಂದ ಬರೆದು ಪೂರೈಸಲಾಗದು, ಯುರೋಪಿನಲ್ಲಿ ಅಚ್ಚು ಹಾಕಿಸಿ ಎಂದು ರವಿವರ್ಮನಿಗೆ ಸಲಹೆ ಕೊಟ್ಟಿದ್ದರು. ರವಿವರ್ಮ ಯುರೋಪಿಗೆ ಕಳುಹಿಸಲಿಲ್ಲ. 1894ರಲ್ಲಿ ಮುಂಬೈನ ಗಿರಗಾಂವ್‌ನಲ್ಲಿ ತಾನೇ ಮುದ್ರಣಾಲಯ ತೆರೆದ. ಮುಂದೆ ಅದು ಲೋನಾವಳ ಬಳಿಯ ಮಳವಲಿಗೆ ಹೋಯಿತು. ಬಣ್ಣಕ್ಕೊಂದು ಕಲ್ಲಿನಂತೆ, ಒಂದೇ ಹಾಳೆಯನ್ನು ಮತ್ತೆ ಮತ್ತೆ ಅಚ್ಚಿಗೆ ಒಡ್ಡಿ ತೆಗೆದ ಲಕ್ಷ್ಮಿ, ಸರಸ್ವತಿ, ಶಕುಂತಲೆಯರು ಅರಮನೆಯ ದರ್ಬಾರಿನಿಂದ ಇಳಿದು ಕಿರಾಣಿ ಅಂಗಡಿಗೂ ನಡುಮನೆಗೂ ಬಂದರು. ಸಾಲದ ಹೊರೆ ತಾಳಲಾರದೆ ಮುದ್ರಣಾಲಯವನ್ನು ಜರ್ಮನಿಯ ತಂತ್ರಜ್ಞನಿಗೆ ಮಾರಬೇಕಾಯಿತು, ಅದು ಬೇರೆ ಕತೆ. ಆ ಅಚ್ಚುಗಳಿಂದ ನಮ್ಮ ಅಭಿರುಚಿ ಕೆಟ್ಟಿತು ಎಂದು ಮುಂದಿನ ತಲೆಮಾರಿನ ವಿಮರ್ಶಕರು ಬರೆದರು. ಕೆಟ್ಟಿತೋ ಬೆಳೆಯಿತೋ, ಗೋಡೆಯ ಮೇಲೆ ಒಂದು ಚಿತ್ರವಿರಬೇಕು ಎಂಬ ಆಸೆ ಬಡವನ ಮನೆಗೂ ಬಂದದ್ದು ಆ ಹಾಳೆಗಳಿಂದ.

ವ್ಯಾನ್ ಗೋನ ಉದಾಹರಣೆ ಇನ್ನೂ ಬಲವಾದದ್ದು. ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದಾಗಲೇ, 1889ರ ಜೂನ್‌ನಲ್ಲಿ, ಅವನು ನಕ್ಷತ್ರಗಳ ರಾತ್ರಿ ಬರೆದ. ಅದೇ ಆಸ್ಪತ್ರೆಯಲ್ಲಿ ಮುಂದಿನ ತಿಂಗಳುಗಳಲ್ಲಿ, ಫ್ರೆಂಚ್ ಚಿತ್ರಕಾರ ಮಿಲೆಯ ರೈತರ ಚಿತ್ರಗಳ ಕಪ್ಪು-ಬಿಳುಪು ಅಚ್ಚುಗಳನ್ನು ಎದುರಿಗಿಟ್ಟುಕೊಂಡು ಅವಕ್ಕೆ ತನ್ನದೇ ಬಣ್ಣ ತುಂಬಿ ಹೊಸ ಚಿತ್ರಗಳನ್ನು ಮಾಡಿದ. ಜಪಾನಿನ ಮರದಚ್ಚಿನ ಹಾಳೆಗಳನ್ನು ಕೊಂಡು ಗೋಡೆಗೆ ಅಂಟಿಸಿಕೊಂಡಿದ್ದವನು ಅವನು. ಅಚ್ಚಿನ ಹಾಳೆಯಿಂದ ಅಷ್ಟೊಂದು ಕಲಿತವನ ಚಿತ್ರವನ್ನು ಅಚ್ಚಿನಲ್ಲಿ ನೋಡುವುದು ಕೀಳು ಎಂದು ಯಾವ ಬಾಯಿಂದ ಹೇಳುವುದು? ಇನ್ನು ಜಪಾನಿನವನೇ ಆದ ಹೊಕುಸಾಯಿಯ ಅಲೆಗಂತೂ ಬರೆದ ಮೂಲಚಿತ್ರವೇ ಇಲ್ಲ. 1831ರ ಸುಮಾರಿಗೆ ಮರದ ಪಡಿಯಚ್ಚಿನಿಂದ ನೂರಾರು, ಸಾವಿರಾರು ಪ್ರತಿ ತೆಗೆದು ಅಗ್ಗಕ್ಕೆ ಮಾರಲೆಂದೇ ಹುಟ್ಟಿದ ಚಿತ್ರ ಅದು.

ಪ್ರತಿಗೆ ಶಕ್ತಿ ಇರುವುದಿಲ್ಲ ಎನ್ನುವವರಿಗೆ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯನ್ನು ತೋರಿಸಬೇಕು. ಸ್ಪೇನಿನ ಗೆರ್ನಿಕಾ ಪಟ್ಟಣದ ಮೇಲೆ ಬಾಂಬು ಬಿದ್ದದ್ದಕ್ಕೆ ಉತ್ತರವಾಗಿ ಪಿಕಾಸೊ 1937ರಲ್ಲಿ ಬರೆದ ಮಹಾಚಿತ್ರದ ನೇಯ್ದ ಪ್ರತಿಯೊಂದು ಅಲ್ಲಿನ ಭದ್ರತಾ ಮಂಡಳಿಯ ಸಭಾಂಗಣದ ಹೊರಗೆ 1985ರಿಂದ ತೂಗುತ್ತಿತ್ತು. ಅದು ಅಮೆರಿಕದ ಸಿರಿವಂತ ನೆಲ್ಸನ್ ರಾಕ್‌ಫೆಲರ್ 1955ರಲ್ಲಿ ನೇಯಿಸಿದ್ದು. ಬಣ್ಣ ಕೂಡ ಮೂಲದ ಕಪ್ಪು-ಬೂದು ಅಲ್ಲ, ಕಂದಿನತ್ತ ವಾಲಿದ್ದು. 2003ರ ಫೆಬ್ರವರಿಯಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಇರಾಕಿನ ವಿರುದ್ಧ ವಾದ ಮಂಡಿಸಲು ಅಲ್ಲಿಗೆ ಬಂದಾಗ ಅದರ ಮೇಲೆ ನೀಲಿ ಪರದೆ ಎಳೆಯಲಾಯಿತು. ಟಿವಿ ಕ್ಯಾಮೆರಾಗಳಿಗೆ ಹಿನ್ನೆಲೆ ಸರಿಹೋಗಲಿ ಎಂದು ಸಮಜಾಯಿಷಿ ಕೊಟ್ಟರು. ಜಗತ್ತು ಅದನ್ನು ಹಾಗೆ ಓದಲಿಲ್ಲ. ಯುದ್ಧದ ಮಾತಾಡುವಾಗ ಆ ಚಿತ್ರದ ಕುದುರೆಯ, ತಾಯಿಯ ಚೀತ್ಕಾರ ಬೆನ್ನ ಹಿಂದೆ ಇರಬಾರದಿತ್ತು ಎಂದೇ ಜನ ಓದಿದರು. ಮೂಲಚಿತ್ರವಿದ್ದದ್ದು ಮ್ಯಾಡ್ರಿಡ್‌ನಲ್ಲಿ. ಮುಚ್ಚಬೇಕಾಗಿ ಬಂದದ್ದು ಪ್ರತಿಯನ್ನು, ಅದೂ ಒಂದು ಕಚೇರಿಯ ಗೋಡೆಯ ಮೇಲಿನದನ್ನು.

ಹಾಗೆಂದು ಪ್ರತಿಯಲ್ಲಿ ಏನೂ ಕಳೆಯುವುದಿಲ್ಲ ಎನ್ನುತ್ತಿಲ್ಲ. ನಕ್ಷತ್ರಗಳ ರಾತ್ರಿ ಹೆಚ್ಚುಕಡಿಮೆ 74 ಸೆಂಟಿಮೀಟರ್ ಎತ್ತರ, 92 ಸೆಂಟಿಮೀಟರ್ ಅಗಲದ ಚಿತ್ರ. ಬಣ್ಣ ಅದರ ಮೇಲೆ ಗಟ್ಟಿಯಾಗಿ, ಉಬ್ಬುಬ್ಬಾಗಿ ನಿಂತಿದೆ. ಅದನ್ನೇ ಹತ್ತಡಿಗೆ ಎಳೆದು ನುಣುಪಾದ ಫ್ಲೆಕ್ಸ್ ಮೇಲೆ ಅಚ್ಚು ಹಾಕಿ ಗೋಡೆ ತುಂಬಿಸಿದರೆ ಉಳಿಯುವುದು ನೀಲಿ-ಹಳದಿಯ ಸುಳಿಗಳಷ್ಟೇ. ಹೊಕುಸಾಯಿಯ ಅಲೆ ಎರಡು ಕೈಯಲ್ಲಿ ಹಿಡಿದು ನೋಡುವಷ್ಟು ಚಿಕ್ಕದು. ಅದನ್ನು ಲಿಫ್ಟಿನ ಎದುರು ಚಾವಣಿವರೆಗೆ ಬೆಳೆಸಿದರೆ ದೋಣಿಯಲ್ಲಿ ಬಗ್ಗಿ ಕುಳಿತ ಆ ಪುಟ್ಟ ಮನುಷ್ಯರ ಭಯ ಹೊರಟುಹೋಗುತ್ತದೆ. ಇದರ ಮೇಲೆ ನಮ್ಮ ಕಚೇರಿಗಳದೇ ಕೆಲವು ಅಭ್ಯಾಸಗಳಿವೆ: ಟ್ಯೂಬ್‌ಲೈಟು ಪ್ರತಿಫಲಿಸುವ ಗಾಜು, ಬಿಸಿಲು ಬೀಳುವ ಗೋಡೆಗೆ ಅಗ್ಗದ ಶಾಯಿಯ ಪ್ರಿಂಟು, ಸೋಫಾದ ಬಣ್ಣಕ್ಕೆ ಹೊಂದಲೆಂದು ಅಂಚು ಕತ್ತರಿಸಿದ ಚಿತ್ರ. ಕತ್ತರಿಸಿದ್ದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಕವಿತೆಯ ಕೊನೆಯ ಎರಡು ಸಾಲನ್ನು ಜಾಗ ಸಾಲದೆಂದು ಯಾರಾದರೂ ಬಿಡುತ್ತಾರೆಯೇ?

ಹೆಸರಿಲ್ಲದ ಪ್ರತಿ ಮಾಡುವ ಅನ್ಯಾಯಕ್ಕೆ ಸಾಕ್ಷಿ ಮೈಸೂರಿನಲ್ಲೇ ಇದೆ. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ, ಬೆಳಕು ತಗ್ಗಿಸಿದ ಜಾಗದಲ್ಲಿ, ದೀಪ ಹಿಡಿದು ನಿಂತ ಹೆಣ್ಣಿನ ಚಿತ್ರವೊಂದಿದೆ. ಒಂದು ಕೈಯಲ್ಲಿ ದೀಪ, ಅದಕ್ಕೆ ಮರೆಯಾಗಿ ಹಿಡಿದ ಇನ್ನೊಂದು ಅಂಗೈ, ಬೆರಳ ಸಂದುಗಳಲ್ಲಿ ಕೆಂಪಾಗಿ ಸೋಸಿ ಬರುವ ಬೆಳಕು. ಕರ್ನಾಟಕದಲ್ಲಿ ಈ ಚಿತ್ರದ ಪ್ರತಿ ನೋಡದವರು ಕಡಿಮೆ. ಲಾಡ್ಜಿನ ಕೌಂಟರಿನಲ್ಲಿ, ದಂತವೈದ್ಯರ ಕ್ಲಿನಿಕ್ಕಿನಲ್ಲಿ, ಸಹಕಾರಿ ಬ್ಯಾಂಕಿನ ವ್ಯವಸ್ಥಾಪಕರ ಕುರ್ಚಿಯ ಹಿಂದೆ ಅದು ಇದೆ. ಯಾರು ಬರೆದದ್ದು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ರವಿವರ್ಮ ಎನ್ನುತ್ತಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ಹುಟ್ಟಿದ್ದು ಅದಾಗಿ ಸುಮಾರು ನಾಲ್ಕು ದಶಕಗಳ ಮೇಲೆ. ಬರೆದವರು ಸಾವಂತವಾಡಿಯಲ್ಲಿ ಹುಟ್ಟಿ ಮುಂಬೈನಲ್ಲಿ ನೆಲೆಸಿದ್ದ ಎಸ್.ಎಲ್. ಹಲ್ದಂಕರ್. ದೀಪ ಹಿಡಿದು ನಿಂತದ್ದು ಅವರದೇ ಮಗಳು. ಎಲ್ಲರೂ ತೈಲವರ್ಣ ಎಂದುಕೊಳ್ಳುವ ಅದು ಜಲವರ್ಣ. ಜಲವರ್ಣದಲ್ಲಿ ಮಾಡಿದ್ದನ್ನು ಅಳಿಸಿ ತಿದ್ದಲು ಅವಕಾಶ ತೀರ ಕಡಿಮೆ. ಬೆಳಕಿರುವಲ್ಲಿ ಕಾಗದವನ್ನು ಬಿಟ್ಟುಕೊಂಡು, ಕತ್ತಲನ್ನು ಪದರ ಪದರವಾಗಿ ಕಟ್ಟುತ್ತ ಬರಬೇಕು. ಆ ಅಂಗೈಯ ಕೆಂಪು ಹೀಗೆ ಬಂದದ್ದು ಎಂದು ತಿಳಿದ ಮೇಲೆ ಅಚ್ಚಿನ ಹಾಳೆಯೂ ಬೇರೆಯಾಗಿ ಕಾಣುತ್ತದೆ. ಪ್ರತಿಗಳು ಆ ಹೆಣ್ಣನ್ನು ಊರೂರಿಗೆ ಕರೆದೊಯ್ದವು, ಅವಳನ್ನು ಬರೆದವರನ್ನು ದಾರಿಯಲ್ಲೇ ಕೈಬಿಟ್ಟವು. ಫ್ರೇಮಿನ ಕೆಳಗೆ ಒಂದು ಸಾಲು ಅಚ್ಚಾಗಿದ್ದರೆ ಹೀಗಾಗುತ್ತಿರಲಿಲ್ಲ.

ಕಾನೂನಿನ ಮಾತೂ ಇದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. 1996ರಲ್ಲಿ ನಮ್ಮನ್ನಗಲಿದ ಕೆ.ಕೆ. ಹೆಬ್ಬಾರರ ಚಿತ್ರವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಅಚ್ಚು ಹಾಕಿಸಿ ಕಚೇರಿಯಲ್ಲಿ ತೂಗುಹಾಕುವುದು ಸುಲಭ, ನ್ಯಾಯವಲ್ಲ. ಹಕ್ಕಿನ ಅವಧಿ ಮುಗಿದ ಹಳೆಯ ಕೃತಿಗಳಿಗೆ ಈ ತೊಡಕಿಲ್ಲ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಅಂಥ ಕೃತಿಗಳ ಒಳ್ಳೆಯ ಛಾಯಾಚಿತ್ರಗಳನ್ನು ಯಾರು ಬೇಕಾದರೂ ಅಚ್ಚು ಹಾಕಿಕೊಳ್ಳಲಿ ಎಂದು ಪುಕ್ಕಟೆ ಬಿಟ್ಟುಕೊಟ್ಟಿವೆ. ಆ ಉದಾರತೆ ನಮ್ಮ ಚಿತ್ರಶಾಲೆಗಳಿಗೂ ಬರಬೇಕು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಚಿತ್ರಶಾಲೆಯಲ್ಲಿರುವ ಕೆ. ವೆಂಕಟಪ್ಪನವರ ಊಟಿ, ಕೊಡೈಕನಾಲ್ ನಿಸರ್ಗಚಿತ್ರಗಳ ನಿಷ್ಠ ಪ್ರತಿಗಳು ಸರಿಯಾದ ಕಾಗದದ ಮೇಲೆ, ಮೂಲದ ಅಳತೆಯಲ್ಲೇ ಸಿಗುವಂತಾದರೆ ಎಷ್ಟು ಕಚೇರಿಗಳ ಗೋಡೆ ಚೆಂದವಾದೀತು! ರುಮಾಲೆ ಚನ್ನಬಸವಯ್ಯನವರು ಬರೆದ, ಹೂ ತಳೆದ ಬೆಂಗಳೂರಿನ ಮರಗಳು ಆ ಮರಗಳನ್ನು ಕಡಿದ ರಸ್ತೆಗಳ ಪಕ್ಕದ ಕಟ್ಟಡಗಳಲ್ಲಿಯೇ ಇರಬೇಕಾದ ಚಿತ್ರಗಳು. ಮೊನೆಯ ಕೊಳ ಬೇಡ ಎನ್ನುತ್ತಿಲ್ಲ. ಪಕ್ಕದ ಊರಿನವರ ಹೆಸರು ಗೊತ್ತಿಲ್ಲದೆ ಮೊನೆಯೊಬ್ಬನೇ ಗೊತ್ತಿರುವುದು ಬೇಡ.

ಕಚೇರಿ ಎಂದರೆ ಚಿತ್ರಶಾಲೆಯಲ್ಲ. ಚಿತ್ರಶಾಲೆಗೆ ಹೋದವನು ಇಷ್ಟವಾಗದ ಚಿತ್ರದ ಮುಂದಿನಿಂದ ಸರಿದುಹೋಗಬಹುದು. ಕಚೇರಿಯಲ್ಲಿ ಕೆಲಸ ಮಾಡುವವರು ದಿನಕ್ಕೆ ಎಂಟು ಗಂಟೆ ಅದರ ಎದುರು ಕೂರಲೇಬೇಕು. ಆದರೆ ಅದನ್ನು ಆಯ್ಕೆ ಮಾಡುವವರು ಒಳಾಂಗಣ ವಿನ್ಯಾಸದ ಗುತ್ತಿಗೆದಾರರು, ಅವರು ಕೀ ಕೊಟ್ಟು ಹೋದ ಮೇಲೆ ಮತ್ತೆ ಅತ್ತ ಬರುವುದಿಲ್ಲ. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ ಕ್ರೇಗ್ ನೈಟ್ ಮತ್ತು ಅಲೆಕ್ಸ್ ಹಾಸ್ಲಮ್ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಬೋಳು ಕೋಣೆಗಿಂತ ಗಿಡ, ಚಿತ್ರಗಳಿದ್ದ ಕೋಣೆಯಲ್ಲಿ ಜನ ಚೆನ್ನಾಗಿ ಕೆಲಸ ಮಾಡಿದರು. ಅವನ್ನು ತಾವೇ ಜೋಡಿಸಿಕೊಂಡಾಗ ಇನ್ನೂ ಚೆನ್ನಾಗಿ ಮಾಡಿದರು. ಜೋಡಿಸಿದ್ದನ್ನು ಮೇಲಿನವರು ಬಂದು ಬದಲಿಸಿದ ಕೂಡಲೇ ಆ ಲಾಭ ಕರಗಿಹೋಯಿತು. ಲಾಭದ ಲೆಕ್ಕ ನನಗೆ ಮುಖ್ಯವಲ್ಲ. ದಿನವೂ ನೋಡುವವರಿಗೆ ಆಯ್ಕೆಯ ಹಕ್ಕಿರಬೇಕು ಎಂಬುದು ಮುಖ್ಯ. ಲೆಕ್ಕಪತ್ರ ವಿಭಾಗದ ಗುಮಾಸ್ತೆ, ಬಾಗಿಲಲ್ಲಿ ನಿಲ್ಲುವ ಕಾವಲುಗಾರ, ಕಾಫಿ ತರುವ ಹುಡುಗ ಇವರನ್ನೂ ಕೇಳಿ ಆರಿಸಿದ ಚಿತ್ರ ಆ ಕಚೇರಿಯದಾಗುತ್ತದೆ.

ಮೊದಲು ಅರ್ಧ ಸತ್ಯ ಎಂದೆನಲ್ಲ, ಅದು ದುಡ್ಡಿನ ಮಾತು. ವಿಜ್ಞಾನಿ ಹೋಮಿ ಭಾಭಾ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕಟ್ಟುವಾಗ ಹುಸೇನ್, ಗಾಯತೊಂಡೆ, ಹೆಬ್ಬಾರ್ ಮೊದಲಾದವರ ಮೂಲಚಿತ್ರಗಳನ್ನೇ ಕೊಂಡು ಕಾರಿಡಾರುಗಳಲ್ಲಿ ತೂಗುಹಾಕಿಸಿದರು. ಅವರಲ್ಲಿ ಹಲವರು ಆಗಿನ್ನೂ ಹೆಸರು ಮಾಡುತ್ತಿದ್ದವರು, ಚಿತ್ರಗಳ ಬೆಲೆಯೂ ಕೈಗೆಟುಕುವಂತಿತ್ತು. ವಿಜ್ಞಾನಿಗಳು ಊಟಕ್ಕೆ ಹೋಗುವ ದಾರಿಯಲ್ಲಿ ಇಂದಿಗೂ ಆ ಚಿತ್ರಗಳಿವೆ. ಕಟ್ಟಡಕ್ಕೆ ಇಟಲಿಯ ಅಮೃತಶಿಲೆ ಹಾಸಬಲ್ಲ ಸಂಸ್ಥೆಗೆ ಕಲಾವಿದರ ಮೂಲಕೃತಿ ದುಬಾರಿ ಎನ್ನುವ ಹಕ್ಕಿಲ್ಲ. ಅಂಥವರು ಪ್ರತಿಯ ಹಿಂದೆ ಅಡಗಬಾರದು. ಪ್ರತಿ ಇರಬೇಕಾದದ್ದು ಮೂರು ಕೋಣೆಯ ಟ್ಯಾಕ್ಸ್ ಕನ್ಸಲ್ಟೆಂಟರ ಕಚೇರಿಯಲ್ಲಿ, ತಾಲ್ಲೂಕು ಕೇಂದ್ರದ ಸೊಸೈಟಿಯಲ್ಲಿ, ಈಗತಾನೆ ಬಾಡಿಗೆ ಹಿಡಿದು ಶುರುಮಾಡಿದ ಹೊಸಬರ ಗೋಡೆಯ ಮೇಲೆ. ಅಲ್ಲಿ ಅದು ಗೌರವದಿಂದ ಇರಲಿ. ಮೂಲದ ಅಳತೆಗೆ ಹತ್ತಿರವಾಗಿ, ಅಂಚು ಕತ್ತರಿಸದೆ, ಬಿಸಿಲು ಬೀಳದ ಕಡೆ ಇರಲಿ. ಕೆಳಗೆ ಕಲಾವಿದರ ಹೆಸರು, ವರ್ಷ, ಮಾಧ್ಯಮ, ಮೂಲಚಿತ್ರ ಇರುವ ಊರು ಕನ್ನಡದಲ್ಲಿ ಬರೆದಿರಲಿ. ಆ ಚೀಟಿಯ ಖರ್ಚು ಒಂದು ಕಾಫಿಯದು.

ಕೈ ಸ್ವಲ್ಪ ಸಡಿಲವಾದಾಗ ಪ್ರತಿಯ ಪಕ್ಕದಲ್ಲಿ ಮೂಲಚಿತ್ರವೊಂದಕ್ಕೂ ಜಾಗ ಮಾಡಿ. ಪ್ರತಿ ವರ್ಷ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುತ್ತದೆ. ಬರೆದವರೇ ಚಿತ್ರದ ಪಕ್ಕ ನಿಂತಿರುತ್ತಾರೆ, ಕೆಲವು ನೂರು ರೂಪಾಯಿಗೂ ಚಿತ್ರ ಸಿಗುತ್ತದೆ. ಹೋಗುವಾಗ ಒಬ್ಬರೇ ಹೋಗಬೇಡಿ, ಕಚೇರಿಯವರನ್ನೆಲ್ಲ ಕರೆದುಕೊಂಡು ಹೋಗಿ, ಅವರೇ ಆರಿಸಲಿ.